ಪದಚರ್ಚೆ: ‘ಸಾಮಾಜಿಕ ಕೌಶಲ್ಯ ತರಬೇತಿ’ ಎಂಬ ಫಲಕದ ಕುರಿತು

ಮಾನ್ಯರೇ,

ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಇರುವ ವಯಸ್ಕರಿಗೆ ಜನರೊಡನೆ ಬೆರೆಯುವುದನ್ನು ಕಲಿಸುವ ಗುಂಪಿನ ಬಾಗಿಲಿಗೆ ‘ಸಾಮಾಜಿಕ ಕೌಶಲ್ಯ ತರಬೇತಿ’ ಎಂಬ ಫಲಕ ಸರಿಯೇ ಎಂದು ಕೇಳಿದ್ದೀರಿ, ಅದು ನಾಳೆಯೇ ಅಚ್ಚಿಗೆ ಹೋಗಬೇಕೆಂದಿದ್ದೀರಿ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ‘ಒಡನಾಟದ ತರಬೇತಿ’ ಎಂದು ಬರೆಸಿ. ‘ಸಾಮಾಜಿಕ ಕೌಶಲ್ಯ’ದಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ಕನ್ನಡದಲ್ಲಿ ‘ಸಾಮಾಜಿಕ’ ಎಂದೊಡನೆ ನ್ಯಾಯ, ಪಿಡುಗು, ಕಳಕಳಿ ಇವು ನೆನಪಾಗುತ್ತವೆಯೇ ಹೊರತು ಪಕ್ಕದಲ್ಲಿ ಕುಳಿತವರನ್ನು ಮಾತನಾಡಿಸುವುದು ನೆನಪಾಗುವುದಿಲ್ಲ. ‘ಕೌಶಲ್ಯ’ವಂತೂ ಉದ್ಯೋಗ ಯೋಜನೆಗಳ ಪಾಲಾಗಿದೆ. ಇಂಗ್ಲಿಷಿನ ‘ಸೋಷಿಯಲ್’ ಪದದ ಬೇರಾದ ಲ್ಯಾಟಿನ್ ‘ಸೋಕಿಯುಸ್’ ಎಂದರೂ ಜೊತೆಗಾರ, ಅಂದರೆ ನಮ್ಮ ಒಡನಾಡಿಯೇ.

ಇಂಥದೊಂದು ಗುಂಪಿನ ಕೈಪಿಡಿಯನ್ನು ಅನುವಾದಿಸುವಾಗ ನಾನು ಕೆಲವು ದಿನ ಅಲ್ಲಿಯೇ ಕುಳಿತಿದ್ದೆ. ಒಂದು ದಿನದ ಪಾಠ, ಕೋರಿಕೆ ಮುಂದಿಡುವುದು: ಎದುರಿನವರ ಮುಖ ನೋಡಬೇಕು, ಅವರಿಂದ ಏನಾಗಬೇಕೆಂಬುದನ್ನು ನಿಖರವಾಗಿ ಹೇಳಬೇಕು, ಅದರಿಂದ ತಮಗೆ ಹೇಗನಿಸುತ್ತದೆಂಬುದನ್ನು ತಿಳಿಸಬೇಕು. ನಡುವಯಸ್ಸಿನ ಒಬ್ಬರು, ವೈದ್ಯರ ಪಾತ್ರ ವಹಿಸಿದ್ದವರೆದುರು ‘ಈ ಮಾತ್ರೆಯಿಂದ ಹಗಲೆಲ್ಲ ತೂಕಡಿಕೆ’ ಎಂಬಲ್ಲಿಗೇ ನಿಂತುಬಿಟ್ಟರು. ಮುಖ ನೋಡಿ ಮಾತಾಡಿದ್ದನ್ನು ಗುಂಪು ಮೊದಲು ಮೆಚ್ಚಿತು. ಬಳಿಕ ಒಂದೇ ಒಂದು ತಿದ್ದುಪಡಿ ಸೂಚಿಸಲಾಯಿತು. ಎರಡನೆಯ ಸಲ ಅವರು, ‘ಇದನ್ನು ರಾತ್ರಿಯೇ ತೆಗೆದುಕೊಳ್ಳಬಹುದೇ? ಹಗಲು ಎಚ್ಚರವಾಗಿದ್ದರೆ ನನಗೆ ಎಷ್ಟೋ ಸಮಾಧಾನ’ ಎಂದು ಪೂರ್ತಿಯಾಗಿ ಕೇಳಿದರು. ಇಂಥ ಕಲಿಕೆಯನ್ನು ‘ಪಳಗಿಕೆ’ ಎನ್ನೋಣವೆಂದವರು ‘ಪಳಗಿದ ಕೈ’ ಎಂಬ ಮಾತನ್ನು ನೆನಪಿಸಿದ್ದಾರೆ. ಕೈ ಪಳಗಬಹುದು, ಆನೆಯನ್ನು ಪಳಗಿಸಬಹುದು. ರೋಗಿಯ ಕುರಿತು ಆ ಪದ ಕೂಡದು.

ಸಂಸ್ಕೃತವೆಂಬ ಕಾರಣಕ್ಕೆ ‘ಕೌಶಲ್ಯ’ವನ್ನು ಬಿಡಬೇಕೆಂಬ ಗೆಳೆಯರ ವಾದವನ್ನೂ ನಾನು ಒಪ್ಪುವುದಿಲ್ಲ, ಅವರು ಉಳಿಸಿಕೊಂಡಿರುವ ‘ತರಬೇತಿ’ ಅರಬ್ಬಿಯ ‘ತರ್ಬಿಯತ್’ನಿಂದ ಬಂದದ್ದು. ನನ್ನ ಆಕ್ಷೇಪವಿರುವುದು ನೋಯಿಸುವ ಪದಗಳಿಗೆ. ಸೈಕೋಸಿಸ್‌ಗೆ ‘ಮನೋವಿಕೃತಿ’ ಎಂಬ ಪದ ಬೇಡವೆನ್ನುವುದು ಅದಕ್ಕೇ: ‘ವಿಕೃತ’ ಎಂಬುದನ್ನು ಪತ್ರಿಕೆಗಳು ಅಪರಾಧಿಗಳಿಗೆ ಅಂಟಿಸಿಬಿಟ್ಟಿವೆ. ಜಪಾನಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗಕ್ಕಿದ್ದ ‘ಮನಸ್ಸು ಒಡೆದ ರೋಗ’ ಎಂಬರ್ಥದ ಹೆಸರನ್ನು, ರೋಗಿಗಳ ಕುಟುಂಬಗಳ ಒತ್ತಾಯದ ಮೇರೆಗೆ, 2002ರಲ್ಲಿ ಕೈಬಿಟ್ಟರು. ನಾವು ಅದೇ ಅರ್ಥದ ‘ಛಿದ್ರಮನಸ್ಕತೆ’ಯನ್ನು ಇನ್ನೂ ಬಳಸುತ್ತಿದ್ದೇವೆ.

ನಿಮ್ಮ ಕೈಪಿಡಿಯ ಒಳಪುಟಗಳಲ್ಲಿ ‘ಸೈಕೋಸಿಸ್‌ನೊಂದಿಗೆ ಬದುಕುತ್ತಿರುವ ವಯಸ್ಕರು’ ಎಂದು ಬರೆದಿದ್ದೀರಿ. ಅದು ಕನ್ನಡದ ವಾಕ್ಸರಣಿಯಲ್ಲ. ‘ಸೈಕೋಸಿಸ್ ಇರುವ ವಯಸ್ಕರು’ ಎಂದರೆ ಸಾಕು. ಫಲಕದ ಮೇಲಂತೂ ರೋಗದ ಹೆಸರು ಬೇಡವೇ ಬೇಡ. ಆ ಬಾಗಿಲನ್ನು ತೆರೆದವರ ಕಾಯಿಲೆ ಯಾವುದೆಂದು ಹಾದುಹೋಗುವವರಿಗೆಲ್ಲ ತಿಳಿಯಬಾರದು.