ಲೂಪ್ ನಿಲ್ತಾ ಇಲ್ಲ, ಏನ್ ಮಾಡೋದು? ಮಡಿಕೇರಿಯ ವೆಬ್ ಡೆವಲಪರ್ ಜೊತೆ ಪ್ರಶ್ನೋತ್ತರ

ಹೋಮ್‌ಸ್ಟೇಯವರು, ಮಡಿಕೇರಿ: ಮೇಡಂ, ಬ್ರೌಸರ್‌ನ ಕನ್ಸೋಲ್‌ನಲ್ಲಿ (ಕೋಡ್ ಟೈಪ್ ಮಾಡಿ ಓಡಿಸೋ ಜಾಗ) ಒಂದು ಕೋಡ್ ಓಡಿಸಿದೆ. ಟ್ಯಾಬ್ ಅಲ್ಲೇ ನಿಂತಿದೆ. ಕ್ಲೋಸ್ ಕೂಡ ಆಗ್ತಿಲ್ಲ.

ಡೆವಲಪರ್: ವಿಂಡೋಸ್‌ನಲ್ಲಿ ಕ್ರೋಮ್ ಆದರೆ ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿ. ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಆ ಟ್ಯಾಬ್ ಆರಿಸಿ 'ಎಂಡ್ ಪ್ರೊಸೆಸ್' ಕೊಡಿ.

ವಿದ್ಯಾರ್ಥಿನಿ, ಕುಶಾಲನಗರ: ಅಕ್ಕಾ, ನಂದು ಬೇರೆ ಥರ. ತೋಟದ ಹಳೇ ಮಳೆ ಪುಸ್ತಕ ನೋಡಿ ಜುಲೈ ತಿಂಗಳ ಇಂಚು, ಸೆಂಟು (ಇಂಚಿನ ನೂರನೇ ಭಾಗ) ಎಲ್ಲ ನಾನೇ ಮಾಡಿದ ಪೇಜಿನ ಬಾಕ್ಸ್‌ಗಳಲ್ಲಿ ತುಂಬಿದ್ದೆ. ಸೇವ್ ಮಾಡಿಲ್ಲ. ಪುಸ್ತಕದ ಹಾಳೆಗಳು ತೇವಕ್ಕೆ ಅಂಟಿಕೊಂಡಿವೆ, ಇನ್ನೊಮ್ಮೆ ಬಿಡಿಸಿದರೆ ಹರಿಯುತ್ತವೆ. ಒಟ್ಟು ನೋಡೋಣ ಅಂತ ಕನ್ಸೋಲ್‌ನಲ್ಲಿ ವೈಲ್ ಲೂಪ್ (ಷರತ್ತು ಮುಗಿಯೋವರೆಗೆ ಅದೇ ಸಾಲು ಮತ್ತೆ ಮತ್ತೆ ಓಡಿಸೋ ಕೋಡ್) ಹಾಕಿದೆ, 'ದಿನ' 31 ದಾಟುವವರೆಗೆ ಕೂಡಲಿ ಅಂತ. ದಿನ ಏರಿಸೋ ಸಾಲೇ ಬಿಟ್ಟುಹೋಗಿದೆ.

ಡೆವಲಪರ್: ಏನೂ ಮುಟ್ಟಬೇಡ. ರಿಫ್ರೆಶ್ ಬೇಡ, ಮೇಲೆ ಹೇಳಿದ ಎಂಡ್ ಪ್ರೊಸೆಸ್ ಅಂತೂ ಬೇಡವೇ ಬೇಡ, ತುಂಬಿದ್ದೆಲ್ಲ ಹೋಗುತ್ತೆ. 'ಪೇಜ್ ಅನ್‌ರೆಸ್ಪಾನ್ಸಿವ್' ಅಂತ ಬಂದರೆ 'ವೇಟ್' ಒತ್ತು.

ಪೇಜಿನ ಜಾವಾಸ್ಕ್ರಿಪ್ಟ್, ಕ್ಲಿಕ್ಕು, ಟೈಪಿಂಗು ಎಲ್ಲ ಒಂದೇ ಥ್ರೆಡ್‌ನಲ್ಲಿ ಸಾಲಾಗಿ ನಡೆಯುತ್ತವೆ. ನಿನ್ನ ಲೂಪ್ ಜಾಗ ಬಿಡದೆ ಬೇರೆ ಯಾವುದಕ್ಕೂ ಸರದಿ ಬರಲ್ಲ. ಆದರೆ ಡೆವ್‌ಟೂಲ್ಸ್ (ಕನ್ಸೋಲ್ ಇರೋ ಕಿಟಕಿ) ಓಡೋದು ಬೇರೆ ಪ್ರೊಸೆಸ್‌ನಲ್ಲಿ, ಅದು ತೆರೆದೇ ಇದೆ ಅಲ್ವಾ? ಅದರಲ್ಲೇ 'ಸೋರ್ಸಸ್'ಗೆ ಹೋಗಿ ಪಾಸ್ ಗುರುತು ಒತ್ತು, ಇಲ್ಲ ಎಫ್8. ಲೂಪ್ ನಡುವೆಯೇ ನಿಲ್ಲುತ್ತೆ. ಆಗ ಕನ್ಸೋಲ್‌ಗೆ ಬಂದು ದಿನ = 32 ಅಂತ ಹೊಡೆದು ಎಂಟರ್ ಕೊಡು. ಮತ್ತೆ ಎಫ್8. 31 ದಾಟಿತಲ್ಲ, ಲೂಪ್ ತಾನಾಗಿ ಮುಗಿಯುತ್ತೆ. ಮೊತ್ತ ತಪ್ಪೇ ಬಂದಿರುತ್ತೆ, ಬಿಡು. ಮೊದಲು ಬಾಕ್ಸಿನ ಅಂಕಿ ಕಾಪಿ ಮಾಡಿಕೋ. (ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಟ್ಟಿದ್ದೀಯ, ಭೇಷ್. ಜಾವಾಸ್ಕ್ರಿಪ್ಟ್ ಅದನ್ನು ಒಪ್ಪುತ್ತೆ.) ಏನಾಯ್ತು ಹೇಳು.

ವಿರಾಜಪೇಟೆ: ಮೇಡಂ, ಟ್ಯಾಬ್ ಹ್ಯಾಂಗ್ ಆಗಿದೆ. ಏನು ಮಾಡಲಿ?

ಡೆವಲಪರ್: ಮೇಲೆ ಓದಿ.

ಸೋಮವಾರಪೇಟೆ: ಫಾರ್ವರ್ಡ್ ಬಂದಿದೆ: "ಈ ಕೋಡ್ ಕನ್ಸೋಲ್‌ಗೆ ಅಂಟಿಸಿ, ಹ್ಯಾಂಗ್ ಮಾಯ. ಬ್ರೌಸರ್ ತಡೆದರೆ 'ಅಲೌ ಪೇಸ್ಟಿಂಗ್' ಅಂತ ಟೈಪ್ ಮಾಡಿ." ಹಾಕ್ಲಾ?

ಡೆವಲಪರ್: ಹಾಕಬೇಡಿ! ಬ್ರೌಸರ್ ತಡೆಯೋದೇ ಇಂಥದ್ದಕ್ಕೆ. ಅಂಟಿಸಿದ ಕೋಡ್ ನೀವು ಲಾಗಿನ್ ಆಗಿರೋ ಪೇಜಿನಲ್ಲಿ ನಿಮ್ಮ ಹೆಸರಲ್ಲೇ ಓಡುತ್ತೆ. ಅಕೌಂಟ್ ಕದಿಯೋರಿಗೆ ಅಷ್ಟೇ ಸಾಕು. ಯಾರೋ ಕಳಿಸಿದ ಕಷಾಯ ಕುಡಿಯೋ ಹಾಗೆ ಕೋಡ್ ಅಂಟಿಸ್ತೀರಲ್ಲ, ಏನು ಹೇಳೋದು.

ಸೋಮವಾರಪೇಟೆ: ಕೇಳಿದ್ದು ತಪ್ಪಾ?

ಪೊನ್ನಂಪೇಟೆ: ಇಷ್ಟೆಲ್ಲ ಯಾಕೆ, ಫೈರ್‌ಫಾಕ್ಸ್ ಹಾಕ್ಕೊಳ್ಳಿ.

ಹೋಮ್‌ಸ್ಟೇಯವರು: ಅದರಲ್ಲಿ ಲೂಪ್ ತಾನೇ ನಿಲ್ಲುತ್ತಾ?

ಪೊನ್ನಂಪೇಟೆ: ಪೇಜ್ ನಿಧಾನ ಆಗಿದೆ, ನಿಲ್ಲಿಸ್ಲಾ ಅಂತ ಕೇಳುತ್ತೆ ಸ್ವಾಮಿ. ನಿಮ್ಮ ಕ್ರೋಮ್ ರ‍್ಯಾಮ್ ತಿನ್ನೋದು ಬಿಟ್ಟು ಏನು ಮಾಡುತ್ತೆ?

ಹೋಮ್‌ಸ್ಟೇಯವರು: ನಿಮ್ಮ ಲ್ಯಾಪ್‌ಟಾಪ್ ಹಳೇದಾದ್ರೆ ಕ್ರೋಮ್‌ನ ಯಾಕೆ ಬೈತೀರಿ?

ನಾಪೋಕ್ಲು: ನಿನ್ನೆಯಿಂದ ಕರೆಂಟಿಲ್ಲ. ನಮಗೆ ಎರಡೂ ಒಂದೇ.

ಶನಿವಾರಸಂತೆ: ಫೋನ್‌ನಲ್ಲಿ ಕನ್ಸೋಲ್ ತೆಗೆಯೋದು ಹೇಗೆ?

ಗೋಣಿಕೊಪ್ಪ: ಪೇಜ್ ನಿಂತಿಲ್ಲ, ಆದರೆ ಕನ್ಸೋಲ್ ತುಂಬಾ ಒಂದೇ ಸಾಲು ಬರ್ತಾನೇ ಇದೆ. ಸೆಟ್‌ಇಂಟರ್ವಲ್ ಹಾಕಿದ್ದೆ, ಅದರ ನಂಬರ್ ಗೊತ್ತಿಲ್ಲ.

ಡೆವಲಪರ್: ಅದು ಟೈಮರ್, ಇಷ್ಟಿಷ್ಟು ಹೊತ್ತಿಗೊಮ್ಮೆ ಕೋಡ್ ಮತ್ತೆ ಓಡಿಸುತ್ತೆ. ಇನ್ನೊಂದು ಸೆಟ್‌ಇಂಟರ್ವಲ್ ಹಾಕಿ, ಅದು ಕೊಡೋ ಸಂಖ್ಯೆ ನೋಡಿ. 1ರಿಂದ ಅಲ್ಲಿವರೆಗೆ ಎಲ್ಲಕ್ಕೂ ಕ್ಲಿಯರ್‌ಇಂಟರ್ವಲ್ (ಟೈಮರ್ ನಿಲ್ಲಿಸೋ ಆದೇಶ) ಕೊಡಿ. ಪೇಜಿನ ಬೇರೆ ಟೈಮರ್‌ಗಳೂ ಸಾಯುತ್ತವೆ. ರಿಫ್ರೆಶ್ ಮಾಡಿದರೂ ನಡೆಯುತ್ತೆ.

ವಿದ್ಯಾರ್ಥಿನಿ: ಅಕ್ಕಾ, ಅಂಕಿ ಎಲ್ಲ ಹಾಗೇ ಇದೆ!! ಕಾಪಿ ಮಾಡಿಕೊಂಡೆ.

ಶನಿವಾರಸಂತೆ: ಮೇಡಂ, ಫೋನ್‌ನಲ್ಲಿ?

ವಿರಾಜಪೇಟೆ: ಮೇಲೆ ಅಂದ್ರೆ ಎಲ್ಲಿ ಮೇಡಂ?

ಡೆವಲಪರ್: ಶಿಫ್ಟ್, ಎಸ್ಕೇಪ್. ಇನ್ನೊಮ್ಮೆ ಇದನ್ನೇ ಕೇಳಿದರೆ ನಾನು ಉತ್ತರ ಕೊಡಲ್ಲ.