ಮನೆ ಹಿಂದಿನ ಕನ್ಸರ್ವೆನ್ಸಿಯಲ್ಲಿ ಬರ್ತಿದ್ದ ಆಯಮ್ಮನ ಹೆಸರು ಯಾರಿಗಾದರೂ ಗೊತ್ತಾ?

ಕೆ.ಎಂ.ಪುರಂ ಮಗಳು:

ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೆಳೆದವರಿಗೆ ಒಂದು ಪ್ರಶ್ನೆ.

ನಾನು ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಕೃಷ್ಣಮೂರ್ತಿಪುರಂನಲ್ಲಿ. ಒಂದೇ ಥರದ ಸಾಲುಮನೆಗಳು. ಕೆಂಪು ನೆಲ, ಹೆಂಚಿನ ಮಾಡು, ಮುಂದೆ ಜಗಲಿ, ಹಿಂದೆ ಬಚ್ಚಲುಮನೆ, ಅದರಾಚೆ ಕಕ್ಕಸು. ಕಕ್ಕಸಿನ ಹಿಂಗೋಡೆಯಲ್ಲಿ ಮೊಣಕಾಲೆತ್ತರದ ಒಂದು ತಗಡಿನ ಬಾಗಿಲು. ಅದು ತೆರೆದುಕೊಳ್ಳುತ್ತಿದ್ದದ್ದು ಕನ್ಸರ್ವೆನ್ಸಿಗೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಎರಡು ಸಾಲು ಮನೆಗಳ ಬೆನ್ನಿನ ಮಧ್ಯೆ ಬಿಟ್ಟಿದ್ದ ಕಿರುಗಲ್ಲಿಗೆ ನಾವೆಲ್ಲ ಕನ್ಸರ್ವೆನ್ಸಿ ಅಂತಿದ್ದೆವು. ಕಕ್ಕಸಿನ ಮಲ ಬಳಿದು ಬುಟ್ಟಿಯಲ್ಲಿ ಹೊತ್ತೊಯ್ಯೋಕೆ ಆಯಮ್ಮ ದಿನಾ ಬರ್ತಿದ್ದದ್ದು ಅಲ್ಲಿಂದಲೇ. ಅಲ್ಲಿಗೆ ಮಕ್ಕಳು ಕಾಲಿಡೋ ಹಾಗಿರಲಿಲ್ಲ.

ನಮ್ಮನೆ ಹಂಡೆಗೆ ಹೊಟ್ಟಿನ ಒಲೆ. ರಾತ್ರಿ ಒಲೆ ತುಂಬೋದು ನನ್ನ ಕೆಲಸ. ನಡುವೆ ಒಂದು ಒನಕೆ ತುಂಡು ನಿಲ್ಲಿಸಿ, ಕೆಳಗಿನ ತೂತಿಗೆ ಇನ್ನೊಂದು ಕಟ್ಟಿಗೆ ತೂರಿಸಿ, ಸುತ್ತ ಮರದ ಹೊಟ್ಟು ಸುರಿದು ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ಎರಡನ್ನೂ ಮೆಲ್ಲಗೆ ತಿರುಗಿಸ್ತಾ ತಿರುಗಿಸ್ತಾ ಎಳೀಬೇಕು. ಅವಸರ ಮಾಡಿದರೆ ಪೂರ್ತಿ ಕುಸಿದು ಬೀಳ್ತಿತ್ತು, ಮತ್ತೆ ಮೊದಲಿಂದ. ಸ್ನಾನವೆಲ್ಲ ಮುಗಿದ ಮೇಲೆ ಬೂದಿಯನ್ನ ಡಾಲ್ಡಾ ಡಬ್ಬಕ್ಕೆ ತುಂಬಿ ಕಕ್ಕಸಿನ ಮೂಲೆಯಲ್ಲಿ ಇಡೋದೂ ನನ್ನ ಪಾಲಿಗೇ. ಹೋದವರು ಮೇಲೆ ಒಂದು ಹಿಡಿ ಬೂದಿ ಹಾಕಬೇಕು, ಅದು ಕ್ರಮ.

ಏಳೆಂಟು ವರ್ಷದವಳಿದ್ದಾಗ ಒಂದು ವಾರ ನಾನು ಸೋಮಾರಿತನ ಮಾಡಿದೆ. ಡಬ್ಬ ಖಾಲಿ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ, ತಗಡಿನ ಬಾಗಿಲು ಕಿರ್ ಅಂತು. ಗೋಡೆಯಾಚೆಯಿಂದ ಮೆಲ್ಲಗೆ ಒಂದು ದನಿ: "ಬೂದಿ ಹಾಕವ್ವ. ಬೂದಿ ಹಾಕಿದ್ರೆ ನನ್ಗೆ ಒಸಿ ಸಲೀಸಾಯ್ತದೆ." ಬೈಗುಳ ಅಲ್ಲ, ಬೇಡಿಕೊಂಡ ಹಾಗೂ ಇರಲಿಲ್ಲ. ಪಕ್ಕದ ಮನೆಯವರು ಒಂದು ಮಾತು ಹೇಳಿದ ಹಾಗಿತ್ತು. ಆ ದಿನದಿಂದ ಡಬ್ಬ ಖಾಲಿಯಾಗೋಕೆ ನಾನು ಬಿಡಲಿಲ್ಲ.

ಹಬ್ಬದ ಮಾರನೇ ದಿನ ಅಮ್ಮ ಉಳಿದ ಒಬ್ಬಟ್ಟನ್ನ ಆಯಮ್ಮನ ಸೆರಗಿಗೆ ಮೇಲಿಂದ ಎತ್ತಿ ಹಾಕ್ತಿದ್ದರು. ಆಮೇಲೆ ಆಕೆ ನಿಂತಿದ್ದ ಜಾಗಕ್ಕೆ ಒಂದು ಬಕೆಟ್ ನೀರು. ನನಗೆ ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಪೋಸ್ಟ್‌ಮಾಸ್ಟರ್ ಮನೆ ನಾಯಿ ಟೈಗರ್, ಹಾಲಿನವರ ಹಸು ಗೌರಿ, ಎಲ್ಲ ನೆನಪಿದೆ. ಹತ್ತು ವರ್ಷ ದಿನಾ ನಮ್ಮನೆಗೆ ಬಂದ ಆಯಮ್ಮನ ಹೆಸರು ಗೊತ್ತಿಲ್ಲ. ಅಮ್ಮನಿಗೆ ಈಗ ಎಂಬತ್ತಾರು. ಕೇಳಿದರೆ, "ಹೆಸರು ಯಾರೇ ಕೇಳಿದ್ರು?" ಅಂದುಬಿಟ್ಟು ಬಹಳ ಹೊತ್ತು ಸುಮ್ಮನಾದರು. ಚಾಮರಾಜಪುರಂ ಸ್ಟೇಷನ್ ಕಡೆ ಸಾಲುಗಳಲ್ಲಿದ್ದವರು ಯಾರಾದರೂ ಇದ್ದರೆ ಹೇಳಿ.

ಒಂಟಿಕೊಪ್ಪಲ್ ಹಳಬ:

ತಂಗಿ, ನಾನು ನಿಮಗಿಂತ ಎಂಟು ವರ್ಷ ದೊಡ್ಡವನು. ನಮ್ಮ ಕಡೆಯೂ ಹೀಗೇ ಇತ್ತು. ಹೆಸರು ನನಗೂ ಗೊತ್ತಿಲ್ಲ.

ಈ ಗಲ್ಲಿಗಳ ಮೂಲ ಪ್ಲೇಗಿನ ಕಾಲದ್ದು. ಹಳೇ ಊರಿನ ಇಕ್ಕಟ್ಟಿನಲ್ಲಿ ಜನ ಸಾಯ್ತಿದ್ದಾಗ, ಊರನ್ನ ಹೊರಗಡೆಗೆ ಬೆಳೆಸಬೇಕು ಅಂತ 1903ರಲ್ಲಿ ಟ್ರಸ್ಟ್ ಬೋರ್ಡ್ ಮಾಡಿದರು. ಅದೇ ಮುಂದೆ 1988ರಲ್ಲಿ ಮುಡಾ ಆಯಿತು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ. ಅಚ್ಚುಕಟ್ಟು ಅಂತ ಮೈಸೂರಿಗೆ ಬಂದ ಹೆಸರಿನಲ್ಲಿ ಈ ಗಲ್ಲಿಗೂ ಪಾಲಿದೆ. ಆದರೆ ಮುಂದಿನ ರಸ್ತೆ ಚೊಕ್ಕಟವಾಗಿ ಕಾಣಲಿ ಅಂತ ಹಿಂದಿನ ಗಲ್ಲಿಯಲ್ಲಿ ತಲೆ ಮೇಲೆ ಹೊತ್ತವರು ಯಾರು ಅಂತ ನಾವು ಯೋಚಿಸಲಿಲ್ಲ.

ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಮಲ ಹೊರೋ ಪದ್ಧತಿ ನಿಲ್ಲಬೇಕು ಅಂತ ಹಟ ಹಿಡಿದರಲ್ಲ, ನಾನಾಗ ಕಾಲೇಜು ಹುಡುಗ. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ, ಅಂದರೆ ಅವರು ಎಷ್ಟು ಮುಂಚೆ ಹೇಳಿದ್ದರು ನೋಡಿ. ನಮ್ಮ ಸಾಲಿಗೆ ಒಳಚರಂಡಿ ಬಂದ ವಾರವೇ ತಮ್ಮಂದಿರೆಲ್ಲ ಕನ್ಸರ್ವೆನ್ಸಿಗೆ ಇಳಿದು ವಿಕೆಟ್ ನೆಟ್ಟರು. ಗೋಡೆ ದಾಟಿದರೆ ಔಟು. ದಿನಾ ಬರ್ತಿದ್ದಾಕೆ ಎಲ್ಲಿಗೆ ಹೋದರು, ಏನು ಮಾಡ್ಕೊಂಡರು, ಒಬ್ಬರೂ ಕೇಳಲಿಲ್ಲ. ನಿಮ್ಮ ಪ್ರಶ್ನೆ ಓದಿದ ಮೇಲೆ ನಿದ್ದೆ ಬರಲಿಲ್ಲ ತಂಗಿ.

ಸರಸ್ವತಿಪುರಂ 7ನೇ ಮೇನ್:

ಹೊಟ್ಟಿನ ಒಲೆ! ನಮ್ಮಲ್ಲಿ ಒನಕೆ ಬದಲು ಬಾಟಲಿ ನಿಲ್ಲಿಸ್ತಿದ್ದೆವು. ಸಾ ಮಿಲ್‌ನಿಂದ ಗೋಣಿಚೀಲದಲ್ಲಿ ಹೊಟ್ಟು ತುಂಬಿ ಸೈಕಲ್ ಕ್ಯಾರಿಯರ್ ಮೇಲೆ ತರೋದು ಅಣ್ಣನ ಕೆಲಸ.

ಕೆ.ಎಂ.ಪುರಂ ಕಡೆ ಹೋದ ತಿಂಗಳು ಹೋಗಿದ್ದೆ. ಕೆಲವು ಕನ್ಸರ್ವೆನ್ಸಿ ಈಗಲೂ ಇವೆ, ಸ್ಕೂಟರ್ ನಿಲ್ಲಿಸ್ಕೊಂಡಿದ್ದಾರೆ. ಒಂದು ಹಳೇ ಗೋಡೆಯಲ್ಲಿ ಆ ಚಿಕ್ಕ ಬಾಗಿಲಿನ ಜಾಗಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ, ಗುರುತು ಹಾಗೇ ಇದೆ.

ಅಜ್ಜಿಯ ಮೊಮ್ಮಗಳು:

ಮೇಡಂ, ನಮ್ಮಜ್ಜಿ ಆ ಕೆಲಸ ಮಾಡಿದವರು. ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ನೀವು ಬರೆದದ್ದನ್ನ ಜೋರಾಗಿ ಎರಡು ಸಲ ಓದಿ ಹೇಳಿದೆ. ಮನೇಲಿ ನಾವು ತೆಲುಗು ಮಾತಾಡ್ತೀವಿ, ಅಜ್ಜಿ ಹೇಳಿದ್ದನ್ನ ನಾನು ಕನ್ನಡದಲ್ಲಿ ಬರೀತಿದ್ದೀನಿ.

ಆ ಸಾಲು ತನ್ನದಲ್ಲ ಅಂದರು. ಅಜ್ಜಿಯದ್ದು ಲಕ್ಷ್ಮೀಪುರಂ. ಸ್ಟೇಷನ್ ಕಡೆಯ ಸಾಲುಗಳು ಅಜ್ಜಿಯ ಓರಗಿತ್ತಿಯದ್ದು, ನನಗೆ ದೊಡ್ಡಜ್ಜಿ. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ನೀವು ಕೇಳಿಸಿಕೊಂಡ ದನಿ ಅವರದೇ ಅಂತ ಖಂಡಿತ ಹೇಳೋಕಾಗಲ್ಲ, ಆ ಕಡೆಗೆ ಇನ್ನೂ ಇಬ್ಬರು ಹೋಗ್ತಿದ್ದರಂತೆ.

ಮನೆಗಳ ಮುಂಬಾಗಿಲು ಹೇಗಿತ್ತು ಅಂತ ಅಜ್ಜಿಗೆ ಗೊತ್ತೇ ಇಲ್ಲ. ಎಲ್ಲ ಹಿಂದಿನಿಂದಲೇ ಗುರುತು. ನುಗ್ಗೆಮರದ ಮನೆ, ಅಳೋ ಮಗು ಮನೆ, ಬಿಸಿ ಕಾಫಿ ಮನೆ. ಆ ಬಿಸಿ ಕಾಫಿ ಮನೆಯಲ್ಲಿ ಅಜ್ಜಿಗೆ ಅಂತಲೇ ಗೋಡೆ ಮೇಲೆ ಒಂದು ಲೋಟ ಇಟ್ಟಿದ್ದರಂತೆ, ಅದರ ಕಂಠ ಸೊಟ್ಟಗಿತ್ತಂತೆ. ಬೂದಿಯ ಮಾತು ನಿಜ ಮೇಡಂ. ಮಳೆಗಾಲದಲ್ಲಿ ಬೂದಿ ಹಾಕದ ಮನೆ ಬಂದರೆ ಬುಟ್ಟಿ ಸೋರಿ ಕತ್ತಿನ ಮೇಲೆ ಇಳೀತಿತ್ತಂತೆ. ಇದನ್ನ ಅಜ್ಜಿ ಇವತ್ತೇ ಮೊದಲು ನನಗೆ ಹೇಳಿದ್ದು. ಹೇಳಿ, ಸೆರಗಿನಿಂದ ಕತ್ತು ಒರೆಸಿಕೊಂಡರು.

ದೊಡ್ಡಜ್ಜಿ ಹೆಸರನ್ನ ಇಲ್ಲಿ ಬರೆಯಲ್ಲ. ನಿಮಗೆ ಬೇರೆಯಾಗಿ ಮೆಸೇಜ್ ಮಾಡ್ತೀನಿ.

ಕೆ.ಎಂ.ಪುರಂ ಮಗಳು:

ಮೆಸೇಜ್ ಸಿಕ್ಕಿತು ಮಗಳೇ. ಅಮ್ಮನಿಗೆ ಹೆಸರು ಹೇಳಿದೆ. ಎರಡು ಮೂರು ಸಲ ಹೇಳಿಸಿಕೊಂಡರು. ಬಕೆಟ್ ನೀರಿನ ಮಾತು ಅವರೇ ತೆಗೆದು, "ನಾನು ಹಾಗೆ ಮಾಡಬಾರದಿತ್ತು" ಅಂದರು. ಆ ಮಾತನ್ನ ನಿಮ್ಮಜ್ಜಿಗೆ ನಾನು ಫೋನಿನಲ್ಲಿ ಹೇಳೋದು ಸರಿಯಲ್ಲ. ಅಜ್ಜಿ ಒಪ್ಪಿದರೆ ಮಾತ್ರ, ಅಮ್ಮನ್ನ ಕರ್ಕೊಂಡು ಒಂದು ಭಾನುವಾರ ಬರ್ತೀನಿ. ಅವರಿಗೆ ಮನಸ್ಸಿಲ್ಲ ಅಂದರೆ ಖಂಡಿತ ಬಲವಂತ ಬೇಡ.

ಅಜ್ಜಿಯ ಮೊಮ್ಮಗಳು:

ಕೇಳಿದೆ ಮೇಡಂ. ಬರಲಿ ಅಂದರು. ಊಟಕ್ಕೇ ಬರಬೇಕಂತೆ.