ಪೇಜಾವರ ಶ್ರೀಗಳ ಇಫ್ತಾರ್‌ನಿಂದ ನಿಜವಾಗಿ ಏನಾದರೂ ಬದಲಾಯಿತೇ?

ರಥಬೀದಿ: 2017ರ ಜೂನ್ 24, ರಂಜಾನ್ ಮುಗಿಯುತ್ತಾ ಬಂದಿತ್ತು. ಉಡುಪಿ ಕೃಷ್ಣಮಠದ ಊಟದ ಹಾಲ್‌ನಲ್ಲಿ ಸುಮಾರು 150 ಮುಸ್ಲಿಮರು ಉಪವಾಸ ಬಿಟ್ಟರು. ಐದನೇ ಪರ್ಯಾಯದಲ್ಲಿದ್ದ (ಕೃಷ್ಣಪೂಜೆಯ ಎರಡು ವರ್ಷದ ಸರದಿ), 86 ವರ್ಷದ ಪೇಜಾವರ ಮಠದ ವಿಶ್ವೇಶತೀರ್ಥರು ಕೈಯಾರೆ ಖರ್ಜೂರ ಕೊಟ್ಟರು. ನಾವೆಲ್ಲ ಕಾಲಿಗೆ ಬೀಳುವ ಯತಿ ಬಂದವರಿಗೆ ಬಡಿಸುತ್ತಾ ನಿಂತದ್ದು ನೂರು ಸೌಹಾರ್ದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು.

ಧಾರವಾಡ ಪೇಡೆ: "ಕೆಲಸ ಮಾಡಿತು" ಅಂದ್ರ ಏನ್ರಿ? ಅದ ವರ್ಷ ನವೆಂಬರದಾಗ ಅದ ಉಡುಪಿಯೊಳಗ ವಿಶ್ವ ಹಿಂದೂ ಪರಿಷತ್ತಿನ ಧರ್ಮ ಸಂಸದ್ ನಡೀತು, ವೇದಿಕೆ ಮ್ಯಾಲೆ ಅದ ಸ್ವಾಮಿಗಳು. ಒಂದು ಕೈಯಾಗ ಖರ್ಜೂರ, ಇನ್ನೊಂದು ಕೈಯಾಗ ಅಯೋಧ್ಯಾ.

ರಥಬೀದಿ: ಆ "ಇನ್ನೊಂದು ಕೈ" ಇದ್ದದ್ದಕ್ಕೇ ತೂಕ. ಮಂದಿರ ಚಳವಳಿಯ ಮುಂಚೂಣಿಯಲ್ಲಿದ್ದವರು ಕರೆದರು. ಬುದ್ಧಿಜೀವಿಗಳು ಇಫ್ತಾರ್ ಮಾಡಿದರೆ ಯಾರು ತಿರುಗಿ ನೋಡುತ್ತಾರೆ?

ಮಧ್ವದಾಸ: "ಊಟದ ಹಾಲ್" ಅಂತ ನಯವಾಗಿ ತೇಲಿಸಬೇಡಿ. ಅದರ ಮಹಡಿಯಲ್ಲಿ ನಮಾಜೂ ಆಯ್ತು, ಅದನ್ನೇಕೆ ನುಂಗಿದಿರಿ? ಶ್ರೀರಾಮ ಸೇನೆ ಸುಮ್ಮನೆ ಪ್ರತಿಭಟನೆ ಮಾಡಲಿಲ್ಲ.

ಕಲ್ಸಂಕದವ: ಮಹಡಿ ಭೋಜನಶಾಲೆಯದ್ದು ಮಾರಾಯ್ರೆ, ಗರ್ಭಗುಡಿಯದ್ದಲ್ಲ. ನೀವು ಉಡುಪಿ ನೋಡಿದ್ದುಂಟಾ?

ಮಧ್ವದಾಸ: ಮೂವತ್ತು ಸಲ ಬಂದಿದ್ದೇನೆ. ಕೃಷ್ಣನ ಪ್ರಸಾದ ಬಡಿಸುವ ಜಾಗ ಬರೀ ಹಾಲ್ ಹೇಗಾಗುತ್ತದೆ? ಅದೂ ಮಠವೇ.

ಕಲ್ಸಂಕದವ: ಮೂವತ್ತು ಸಲ ಬಂದವರಿಗೆ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇದ್ದದ್ದು ಕಾಣಲಿಲ್ಲವಾ? ಶೂದ್ರರು ಕೂತಾಗ ಅದು ಹಾಲ್, ಸಾಬರು ಕೂತ ಕೂಡಲೇ ಮಠ. ಚಂದ ಉಂಟು ನಿಮ್ಮ ಲೆಕ್ಕ.

ಮಧ್ವದಾಸ: ನಾನು ಪಂಕ್ತಿಯ ಮಾತೇ ಎತ್ತಿಲ್ಲ. ವಿಷಯಾಂತರ ಮಾಡಬೇಡಿ.

ಧಾರವಾಡ ಪೇಡೆ: ಪಂಕ್ತಿ ಅಂದಿರಿ, ಛಲೋ ಆತು. ಸ್ವಾಮಿಗಳು ದಲಿತರ ಕೇರಿಗೂ ಪಾದಯಾತ್ರೆ ಹೋಗಿದ್ರು. ಪಂಕ್ತಿಭೇದ ಹೋಗಿತ್ತೇನು?

ಕಲ್ಸಂಕದವ: ನೀವು ಸ್ವಲ್ಪ ತಡೀರಿ ಪೇಡೆಯವರೇ, ಮೊದಲು ಇವರ ಹತ್ತಿರ ಮಹಡಿ ಮುಗಿಸುವ. ಧರ್ಮಕ್ಕೆ ಏನೂ ಅಪಚಾರ ಆಗಿಲ್ಲ ಅಂತ ಸ್ವಾಮೀಜಿಯೇ ಆಗ ಹೇಳಿದ್ದರು. ಏಳು ವರ್ಷಕ್ಕೇ ಸನ್ಯಾಸ ತೆಗೆದುಕೊಂಡವರಿಗೆ ಗೊತ್ತಿಲ್ಲದ ಮಡಿ ನಿಮಗೆ ಗೊತ್ತಾ?

ಮಧ್ವದಾಸ: ಯತಿಗಳ ಮೇಲೆ ನನಗೆ ಪೂರ್ಣ ಗೌರವವಿದೆ. ನಿಮ್ಮಂಥವರಿಗೆ ಅವರು ನೆನಪಾಗುವುದು ಆ ಒಂದು ಸಂಜೆಗೆ ಮಾತ್ರ.

ಕಲ್ಸಂಕದವ: "ನಿಮ್ಮಂಥವರು" ಅಂದರೆ ಎಂಥವರು? ಬಿಡಿಸಿ ಹೇಳಿ ನೋಡುವ!!

ಕಾಪು ಲೈಟ್‌ಹೌಸ್: ನಾನು ಬ್ಯಾರಿ, ಕರಾವಳಿಯ ಮುಸ್ಲಿಂ; ಊರು ಉಡುಪಿ ಹತ್ತಿರದ ಕಾಪು. 2022ರ ಮಾರ್ಚ್‌ನಲ್ಲಿ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ನಮ್ಮವರಿಗೆ ಅಂಗಡಿ ಹಾಕಲು ಬಿಡಲಿಲ್ಲ. ಸ್ವಾಮೀಜಿ ತೀರಿಕೊಂಡು ಎರಡು ವರ್ಷ ಚಿಲ್ಲರೆ ಆಗಿತ್ತು ಅಷ್ಟೆ. ನೀವಿಲ್ಲಿ ಮಹಡಿ ಅಳೆಯುತ್ತಾ ಕೂತಿದ್ದೀರಿ.

ರಥಬೀದಿ: "ತೀರಿಕೊಂಡು" ಅಂತ ನೀವೇ ಅಂದಿರಲ್ಲ. ಅವರು ಇದ್ದಿದ್ದರೆ ಹಾಗೆ ಆಗಲು ಬಿಡುತ್ತಿರಲಿಲ್ಲ.

ಧಾರವಾಡ ಪೇಡೆ: "ಇದ್ದಿದ್ದರೆ" ಅನ್ನೂದು ಪುರಾವೆ ಅಲ್ರಿ. ಒಬ್ಬರ ಸೌಜನ್ಯ ಅವರ ಜೋಡೀನ ಹೋಗ್ತದ ಅಂದ್ರ ಅದು ಸಂಬಂಧ ಅಲ್ಲ, ಬರೇ ದಾಕ್ಷಿಣ್ಯ.

ಕಾಪು ಲೈಟ್‌ಹೌಸ್: ಬರೇ ದಾಕ್ಷಿಣ್ಯ ಅಂತ ಧಾರವಾಡದಲ್ಲಿ ಕೂತು ಹೇಳುವುದು ಸುಲಭ. ಜಾತ್ರೆಯಲ್ಲಿ ಬಳೆ ಮಾರುವವನಿಗೆ ಅಷ್ಟಿದ್ದರೂ ಸಾಕಿತ್ತು.

ರಥಬೀದಿ: ನೋಡಿ, ನನ್ನ ಮಾತನ್ನೇ ಅವರೂ ಹೇಳುತ್ತಿದ್ದಾರೆ.

ಕಾಪು ಲೈಟ್‌ಹೌಸ್: ಇಲ್ಲ, ಹೇಳುತ್ತಿಲ್ಲ.

ಮಧ್ವದಾಸ: ಮಹಡಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಕಲ್ಸಂಕದವ: ಬಂದಿದೆ. ಮೇಲೆ ಹೋಗಿ ಓದಿ. ಮತ್ತೆ "ನಿಮ್ಮಂಥವರು" ಯಾರು ಅಂತ ನೀವಿನ್ನೂ ಹೇಳಿಲ್ಲ.